ಕಾಲರಿನೊಳಗಿನ ಹಳದಿ ಬೊಟ್ಟು

ಶಾಲಾ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ,

'ಮಾನ್ಯರೇ' ಎಂದು ಶುರುಮಾಡುವುದು ವಾಡಿಕೆ. ಆ ಪದವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ನೀವು ಮಾಡಬೇಕಾದದ್ದನ್ನು ಮಾಡಿದ ದಿನ ಸಂತೋಷದಿಂದ ಬರೆಯುತ್ತೇನೆ. ನನ್ನ ದೂರು ಇಷ್ಟು: ನಿಮ್ಮ ಶಾಲೆಯಲ್ಲಿ ದಪ್ಪಗಿರುವ ಮಕ್ಕಳ ಯೂನಿಫಾರ್ಮಿಗೆ ಬೇರೆ ಕೌಂಟರ್ ಇದೆ, ಬೇರೆ ಹೆಸರಿದೆ, ಕಾಲರಿನೊಳಗೆ ಬೇರೆ ಗುರುತಿದೆ. ಆ ಗುರುತು ಈಗ ನಮ್ಮ ಮನೆಯೊಳಗೆ ಬಂದು ಕೂತಿದೆ. ಅದನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳುವುದಕ್ಕೆ ಈ ಪತ್ರ.

ನಾನು ಧನಲಕ್ಷ್ಮಿ, ಬಾಗಲಗುಂಟೆಯವಳು. ನಾಗಸಂದ್ರದ ಒಂದು ಕೊರಿಯರ್ ಕಚೇರಿಯಲ್ಲಿ ಕೆಲಸ. ಮಗಳು ಮೋನಿಷಾ ನಿಮ್ಮ ಶಾಲೆಯ ನಾಲ್ಕನೇ ತರಗತಿ. ಅವಳು ದಪ್ಪ. ಈ ಪದಕ್ಕೆ ನಮ್ಮ ಮನೆಯಲ್ಲಿ ಯಾರೂ ಹೆದರುತ್ತಿರಲಿಲ್ಲ. ಅವಳ ಅಪ್ಪ ದಪ್ಪ, ಅಪ್ಪನ ಅಮ್ಮ ದಪ್ಪ, ನಾನೂ ಸಣ್ಣಗೇನಿಲ್ಲ. ಕಳೆದ ವರ್ಷ ಯೂನಿಫಾರ್ಮ್ ಹಂಚುವ ದಿನ ನಿಮ್ಮ ಅಂಗಳದ ಶಾಮಿಯಾನದ ಕೆಳಗೆ ಎಲ್ಲರ ಜೊತೆ ನಾವೂ ಸಾಲಿನಲ್ಲಿ ನಿಂತಿದ್ದೆವು. ಟೇಪು ಹಿಡಿದಿದ್ದ ಹೆಂಗಸು ಮಗಳ ಎದೆಯ ಅಳತೆ ತೆಗೆದು ಮೈಕಿನವರಿಗೆ ಕೈಸನ್ನೆ ಮಾಡಿದರು. ಮೈಕು ಹೇಳಿತು: "ಸ್ಪೆಷಲ್ ಫಿಟ್ ಮಕ್ಕಳು ಈ ಕಡೆ ಬನ್ನಿ ಪ್ಲೀಸ್. ಪೇರೆಂಟ್ಸ್, ಸ್ಪೆಷಲ್ ಫಿಟ್ ಈ ಕಡೆ." ಬಸ್ಸುಗಳ ಪಕ್ಕ, ಶಾಮಿಯಾನದ ಹೊರಗೆ, ಬಿಸಿಲಿನಲ್ಲಿ ಒಂದು ಮೇಜು ಇತ್ತು. ಮಗಳು ನನ್ನ ಕೈ ಎಳೆದುಕೊಂಡು ಓಡಿದಳು. "ಅಮ್ಮಾ, ಬೇಗ ಬಾ, ನಾವ್ ಸ್ಪೆಷಲ್ ಅಂತೆ!" ಎಂದಳು.

ನಿಮ್ಮ ಲೆಕ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. ನಾಲ್ಕನೇ ತರಗತಿಗೆ ಷರ್ಟಿನ ಸೈಜು ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತು. ಅಲ್ಲಿಗೆ ಸಂಖ್ಯೆಗಳು ಮುಗಿದುಹೋಗಿ 'ಸ್ಪೆಷಲ್' ಶುರುವಾಗುತ್ತದೆ. ಮೂವತ್ತರ ಮುಂದೆ ಮೂವತ್ತೆರಡು ಬರುತ್ತದೆ ಎಂದು ನನ್ನ ಮಗಳಿಗೆ ಸಮಸಂಖ್ಯೆಗಳನ್ನು ಬಾಯಿಪಾಠ ಮಾಡಿಸಿದ್ದು ನಿಮ್ಮದೇ ಶಾಲೆಯಲ್ಲವೇ? ಸಣಕಲು ಮಕ್ಕಳೂ ನಿಮ್ಮಲ್ಲಿದ್ದಾರೆ. ಅವರಿಗೆ ಇಪ್ಪತ್ನಾಲ್ಕು ಕೊಡುತ್ತೀರಿ, ಅದೂ ನೆರಳಿನಲ್ಲೇ. ಮೈಕಿನಲ್ಲಿ ಅವರನ್ನು ಯಾರೂ ಕರೆಯುವುದಿಲ್ಲ, ಕರೆಯಲೂಬಾರದು.

ಮನೆಗೆ ಬಂದು ಪೊಟ್ಟಣ ಬಿಚ್ಚಿದವರು ನನ್ನ ಅತ್ತೆ ಅಂಜಿನಮ್ಮ. ಮಾಕಳಿಯಲ್ಲಿ ಹುಟ್ಟಿ ಬೆಳೆದವರು. ಹೊಸ ಬಟ್ಟೆಯ ತುದಿಗೆ ಒಂಚೂರು ಅರಿಶಿನ ಮುಟ್ಟಿಸದೆ ಮನೆಯಲ್ಲಿ ಯಾರಿಗೂ ಉಡಲು ಬಿಡುವವರಲ್ಲ; ಅಂಗಡಿಯ ಜೀನ್ಸಾದರೂ ಸರಿ, ಕರ್ಚೀಫಾದರೂ ಸರಿ. ಅಂದೂ ಅರಿಶಿನದ ಬಟ್ಟಲು ಹಿಡಿದು ಬಂದವರು ಷರ್ಟಿನ ಕಾಲರ್ ಮಗುಚಿ ನಿಂತುಬಿಟ್ಟರು. ಒಳಗೆ ಬೆರಳ ತುದಿಯಷ್ಟು ಹಳದಿ ಬೊಟ್ಟು. "ನೋಡವ್ವಾ ಧನು, ಇಸ್ಕೂಲ್ನೋರೇ ಅರಿಶ್ಣ ಅಚ್ಚಿ ಕೊಟ್ಟವ್ರೆ! ಇಂಗಿರ್ಬೇಕು ಕಣವ್ವ ಜನ ಅಂದ್ರೆ. ಮಕ್ಳು ಚೆಂದಾಗಿರ್ಲಿ ಅಂತ ಯಾರಿಗ್ ಇಷ್ಟ್ ಮನ್ಸಿರ್ತದೆ ಈ ಕಾಲ್ದಾಗೆ?" ಎಂದು ಅಲ್ಲೇ ನಿಮ್ಮ ಶಾಲೆಯ ದಿಕ್ಕಿಗೆ ಕೈ ಮುಗಿದರು. ಮತ್ತೆ ಹಚ್ಚುವುದು ಬೇಡವೆಂದು ಬಟ್ಟಲನ್ನು ಒಳಗಿಟ್ಟರು. ಬಣ್ಣ ಯಾಕೋ ಪೇಂಟಿನ ಹಾಗಿದೆ ಎಂದು ನನಗನ್ನಿಸಿತು, ಆದರೆ ಅತ್ತೆಯ ಖುಷಿ ನೋಡಿ ನಾನೂ ನಕ್ಕೆ.

ಮೋನಿಷಾ ಆ ಮಾತನ್ನು ಹಾಗೇ ನಂಬಿದಳು. ಮರುದಿನ ತರಗತಿಯಲ್ಲಿ ಕಾಲರ್ ಮಗುಚಿ ಎಲ್ಲರಿಗೂ ತೋರಿಸಿದ್ದಾಳೆ: ನನ್ನ ಷರ್ಟಿಗೆ ಸ್ಕೂಲಿನವರೇ ಅರಿಶಿನ ಹಚ್ಚಿದ್ದಾರೆ, ನಿಮಗಿದೆಯಾ? ಯಾರಿಗೂ ಇರಲಿಲ್ಲ. ಮೇಲಿನ ತರಗತಿಯಲ್ಲಿರುವ ತನ್ನ ಅಣ್ಣನಿಂದ ವಿಷಯ ತಿಳಿದಿದ್ದ ಒಂದು ಮಗು ಎದ್ದು ನಿಂತು, "ಅದು ಅರಿಶಿನ ಅಲ್ಲ ಕಣೇ, ದಪ್ಪ ಇರೋರ್ಗೆ ಹಾಕೋ ಮಾರ್ಕು" ಎಂದಿತಂತೆ. ಅಂದಿನಿಂದ ನನ್ನ ಮಗಳ ಹೆಸರು ಅರಿಶಿನ. ಹಿಂದಿನಿಂದ ಬಂದು ಕಾಲರ್ ಮಗುಚಿ ನೋಡುವುದು ಒಂದು ಆಟವಾಯಿತು. ನನ್ನ ಗಂಡ ಭೀಮರಾಜ್ ಕಪ್ಪು ಮಾರ್ಕರ್ ತಂದು ಬೊಟ್ಟಿನ ಮೇಲೆ ಬಳಿದರು. ಬಿಳಿ ಷರ್ಟಿನಲ್ಲಿ ಅದು ಹೊರಗಿನಿಂದಲೇ ಕಾಣತೊಡಗಿತು.

ನಿಮ್ಮ ಬಳಿ ಬಂದೆ. ಕುರ್ಚಿ ಕೊಟ್ಟಿರಿ, ಅದಕ್ಕೆ ಕೃತಜ್ಞತೆಗಳು. ಬಟ್ಟೆ ಬದಲಾಯಿಸುವಾಗ ಸೈಜುಗಳು ಬೆರೆತುಹೋಗದಿರಲಿ ಎಂದು ಸಪ್ಲೈಯರ್ ಹಾಕುವ ಗುರುತು ಅದು, ಮಕ್ಕಳ ಅನುಕೂಲಕ್ಕಾಗಿಯೇ ಮಾಡಿದ ವ್ಯವಸ್ಥೆ ಎಂದಿರಿ. ಆಮೇಲೆ ದನಿ ತಗ್ಗಿಸಿ, ನನ್ನ ಒಳ್ಳೆಯದಕ್ಕೇ ಎಂಬಂತೆ, "ಮೇಡಂ, ಸ್ವಲ್ಪ ಡಯಟ್ ನೋಡ್ಕೊಳ್ಳಿ, ಈ ವಯಸ್ಸಲ್ಲೇ ಕಂಟ್ರೋಲ್ ಮಾಡ್ಬೇಕು" ಎಂದಿರಿ. ಮಕ್ಕಳ ಆರೋಗ್ಯದ ಬಗ್ಗೆ ಎಂಥ ಕಳಕಳಿ! ಅದೇ ಕಳಕಳಿಯಿಂದಲೇ ಆಟದ ಮೈದಾನವನ್ನು ಬಸ್ ನಿಲ್ಲಿಸಲು ಕೊಟ್ಟಿರಾ? ಪಿ.ಟಿ. ಪಿರಿಯಡ್ಡಿನಲ್ಲಿ ಗಣಿತ ಮಾಡಿಸುವುದು ಕೂಡ ತೂಕ ಇಳಿಸುವ ಯೋಜನೆಯೇ? ಮಗಳನ್ನು ಡಾಕ್ಟರಿಗೆ ತೋರಿಸಿದ್ದೇವೆ. ಅವರು ಹೇಳಿದ್ದನ್ನು ಮಾಡುತ್ತಿದ್ದೇವೆ. ಕಾಲರಿಗೆ ಬಣ್ಣ ಹಚ್ಚಿ ಎಂದು ಅವರು ಬರೆದುಕೊಡಲಿಲ್ಲ. ನಮ್ಮ ಕಚೇರಿಯಲ್ಲಿ ಒಡೆಯುವ ಸಾಮಾನಿನ ಡಬ್ಬಕ್ಕೆ ಸ್ಟಿಕ್ಕರ್ ಅಂಟಿಸುತ್ತೇವೆ, ಹುಷಾರಾಗಿ ಎತ್ತಲಿ ಎಂದು. ನೀವು ಅಂಟಿಸಿದ್ದು ಯಾವುದಕ್ಕೆಂದು ಆ ದಿನ ಕೇಳಬೇಕೆಂದಿದ್ದೆ, ಅಷ್ಟರಲ್ಲಿ ನಿಮಗೆ ಫೋನ್ ಬಂತು.

ಈ ಸಲದ ಯುಗಾದಿಯಂದು ನಡೆದದ್ದನ್ನು ಹೇಳದೆ ನನಗೆ ಬೇರೆ ದಾರಿಯಿಲ್ಲ. ಎಣ್ಣೆಸ್ನಾನ ಮುಗಿಸಿ ಬಂದ ಮಗಳ ಹೊಸ ಫ್ರಾಕಿಗೆ ಅತ್ತೆ ಎಂದಿನಂತೆ ಅರಿಶಿನ ಮುಟ್ಟಿಸಿದರು. ಮಗಳು ಅದನ್ನು ಕಂಡದ್ದೇ ಕಿರುಚಿದಳು. ಫ್ರಾಕು ಕಿತ್ತುಕೊಂಡು ಬಚ್ಚಲಿಗೆ ಓಡಿ ಬಟ್ಟೆಸೋಪು ಉಜ್ಜಿದಳು. ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆಂದು ಅವಳಿಗೆ ಹೇಗೆ ಗೊತ್ತಿರಬೇಕು? "ಅಮ್ಮಾ, ಕೆಂಪಾಯ್ತು! ಹೋಗ್ತಿಲ್ಲ ಅಮ್ಮಾ!" ಎಂಬ ಕೂಗು ಕೇಳಿ ನಾನು ಹೋಗುವಷ್ಟರಲ್ಲಿ ಫ್ರಾಕು ಕೆಳಗೆ ಬಿದ್ದಿತ್ತು. ಅವಳು ಬಟ್ಟೆ ಒಗೆಯುವ ಬ್ರಷ್ಷಿನಿಂದ ತನ್ನ ಕತ್ತಿನ ಹಿಂಭಾಗ ತಿಕ್ಕಿಕೊಳ್ಳುತ್ತಿದ್ದಳು, ಕಾಲರ್ ತಾಗುವ ಜಾಗ. ಚರ್ಮವೂ ಕೆಂಪಾಗಿತ್ತು. "ಇಲ್ಲೂ ಇದ್ಯಾ, ನೋಡಮ್ಮಾ" ಎಂದಳು. ಅತ್ತೆ ಬಾಗಿಲಲ್ಲಿ ಹಳದಿ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದರು. ಅಂದಿನಿಂದ ಅವರು ಯಾರ ಬಟ್ಟೆಗೂ ಅರಿಶಿನ ಹಚ್ಚಿಲ್ಲ.

ಆಮೇಲೆ ನಮ್ಮ ಮನೆ ಮೊದಲಿನಂತಿಲ್ಲ. ಈ ಬೇಸಿಗೆಯಲ್ಲೂ ಮಗಳು ಕತ್ತಿನವರೆಗೆ ಬಟನ್ ಹಾಕಿದ ಸ್ವೆಟರಿನಲ್ಲೇ ಓಡಾಡುತ್ತಾಳೆ. ತಟ್ಟೆಯ ಮುಂದೆ ಕೂತು ಅನ್ನವನ್ನು ಅಂಚಿಗೆ ಸರಿಸಿ ಸರಿಸಿ ಎದ್ದುಹೋಗುತ್ತಾಳೆ. ಇದು ಡಾಕ್ಟರು ಹೇಳಿದ ಊಟವಲ್ಲ, ಉಪವಾಸ. ಮೊನ್ನೆ ಮಧ್ಯಾಹ್ನ ರೂಮಿನಿಂದ ಆ ಮೈಕಿನ ದನಿ ಕೇಳಿತು. ಅದೇ ನಯ, ಅದೇ ಎಳೆತ. ಇಣುಕಿದರೆ ಮಗಳು ಮನೆಯ ದಿಂಬುಗಳನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದ್ದಾಳೆ. "ಸ್ಪೆಷಲ್ ಫಿಟ್ ಈ ಕಡೆ ಬನ್ನಿ ಪ್ಲೀಸ್" ಎನ್ನುತ್ತ ಅಜ್ಜಿಯ ದಪ್ಪ ಬೂರುಗದ ದಿಂಬನ್ನು ಎತ್ತಿ ಬಾಲ್ಕನಿಗೆ ಹಾಕಿ ಬಾಗಿಲು ಮುಚ್ಚಿದಳು. ತಿಂಗಳುಗಟ್ಟಲೆ ನಾನು ಯಾವ ದನಿಗೆ ಬೆಚ್ಚಿಬೀಳುತ್ತಿದ್ದೆನೋ, ನಾಗಸಂದ್ರದ ಮೆಟ್ರೋದಲ್ಲಿ ಸ್ಟೇಷನ್ ಹೆಸರು ಕೂಗಿದರೂ ಯಾವುದು ನೆನಪಾಗುತ್ತಿತ್ತೋ, ಅದು ನನ್ನ ಮಗಳ ಗಂಟಲಿನಿಂದ ಬರುತ್ತಿತ್ತು. ನನಗೆ ಭಯವಾಯಿತು. ಈಗಲೂ ಭಯದಲ್ಲೇ ಬರೆಯುತ್ತಿದ್ದೇನೆ.

ಮತ್ತೆ ಯೂನಿಫಾರ್ಮ್ ಹಂಚುವ ಕಾಲ ಬಂದಿದೆ. ನಾನು ಕೇಳುವುದು ಕಷ್ಟದ್ದೇನಲ್ಲ. ಬಿಸಿಲಿನ ಮೇಜನ್ನು ಎತ್ತಿಸಿ, ಎಲ್ಲರಿಗೂ ಒಂದೇ ಸಾಲು ಇರಲಿ. ಮೂವತ್ತರ ಮುಂದೆ ಮೂವತ್ತೆರಡು, ಮೂವತ್ನಾಲ್ಕು ಬರಲಿ. ಬೊಟ್ಟು ಹಾಕುವುದನ್ನು ನಿಲ್ಲಿಸಿ. ಸಪ್ಲೈಯರಿಗೆ ಒಪ್ಪಿಗೆಯಿಲ್ಲದಿದ್ದರೆ ಬಟ್ಟೆ ಕೊಡಿ, ನಾವೇ ಹೊಲಿಸಿಕೊಳ್ಳುತ್ತೇವೆ.

ಇನ್ನೊಂದಿದೆ. ನಿನ್ನೆ ಮಗಳು ಬೀರುವಿನಿಂದ ಆ ಯುಗಾದಿಯ ಫ್ರಾಕು ತೆಗೆದು, ಮಡಿಸಿ, ಅಜ್ಜಿಯ ತೊಡೆಯ ಮೇಲಿಟ್ಟಳು. "ಅಜ್ಜಿ, ನಾನು ಕಮ್ಮಿ ಆದ್ಮೇಲೆ ಇದಕ್ಕೆ ಅರಿಶಿನ ಹಚ್ತೀಯಾ?" ಎಂದು ಕೇಳಿದಳು. ಅತ್ತೆ ಅಳುತ್ತ, "ಈಗ್ಲೇ ಅಚ್ತೀನಿ ನನ್ ಕಂದ" ಎಂದರು. ಅವಳು ತಲೆ ಅಲ್ಲಾಡಿಸಿ, "ಈಗ ಬೇಡ, ಈಗ ನಾನು ಆ ಕಡೆ" ಎಂದಳು. ನೀನು ಯಾವ ಕಡೆಯೂ ಅಲ್ಲ ಎಂದು ನಾವು ಮೂವರೂ ಹೇಳಿ ನೋಡಿದೆವು. ಅವಳು ನಂಬಲಿಲ್ಲ. ಅವಳು ನಂಬುವುದು ನಿಮ್ಮ ಮೈಕನ್ನು. ಆದ್ದರಿಂದ ಯೂನಿಫಾರ್ಮ್ ಹಂಚುವ ದಿನ ಶಾಮಿಯಾನದ ಕೆಳಗೆ ಅದೇ ಮೈಕು ಹಿಡಿದು ನೀವೇ ಹೇಳಬೇಕು: ಎಲ್ಲ ಮಕ್ಕಳೂ ಈ ಕಡೆ ಬನ್ನಿ ಎಂದು. ಅವಳ ಕೈ ಹಿಡಿದುಕೊಂಡು ಕೇಳಲು ಬರುತ್ತೇನೆ.

ಇಂತಿ,
ನಿಮ್ಮ ಮೈಕು ಕರೆದ ಕಡೆಗೆ ಒಮ್ಮೆ ನಗುತ್ತ ಬಂದಿದ್ದ,
ಧನಲಕ್ಷ್ಮಿ
(ಮೋನಿಷಾಳ ತಾಯಿ)
ಬಾಗಲಗುಂಟೆ