ಹೆಬ್ಬೆಟ್ಟಿಗೆ ಒನ್ಸ್ ಮೋರ್

ನಂಜನಗೂಡು
ಸೋಮವಾರ

ತಿ. ನರಸೀಪುರ ಬಸ್ ನಿಲ್ದಾಣದೆದುರು ಕೊಡೆ ನೆಟ್ಟು ಸಿಮ್ ಮಾರುವ ಮಾದೇಶ ಮಹಾಶಯನೇ,

ಊರೂರಲ್ಲಿ ದುರ್ಯೋಧನನಾಗಿ ಮೆರೆದ ಗಂಗಾಧರಸ್ವಾಮಿ ಬರೆಯುತ್ತಿದ್ದೇನೆ. ರಂಗದ ಮೇಲೆ ನನ್ನ ಪಾತ್ರ ಕದಿಯುವವನು ಮೀಸೆಯನ್ನಾದರೂ ಅಂಟಿಸಿಕೊಂಡು ಬರುತ್ತಾನೆ. ನಿನ್ನ ಗಿರಾಕಿಗೆ ಅಷ್ಟೂ ಯೋಗ್ಯತೆಯಿಲ್ಲ!

ಅಂದು ನಾನು ಸಿಮ್ ಕೊಳ್ಳಲು ಹೆಬ್ಬೆಟ್ಟು ಒತ್ತಿದಾಗ, "ಬೆರಳು ಕೂತಿಲ್ಲ ಸಾ, ಇನ್ನೊಂದ್ ಸಲ ಒತ್ತಿ" ಎಂದು ನೀನು ಹಲ್ಲು ಕಿರಿದೆ. ಜನ ಒನ್ಸ್ ಮೋರ್ ಎಂದರೆ ಹಾಡನ್ನು ಮತ್ತೆ ಹಾಡುವ ನಟ ನಾನು, ಹಿಗ್ಗಿ ಒತ್ತಿಬಿಟ್ಟೆ. ಆ ಎರಡನೇ ಒತ್ತಿಗೆ ನನ್ನ ಹೆಸರಿನಲ್ಲೇ ಇನ್ನೊಂದು ಸಿಮ್ ಹುಟ್ಟಿತು. ಅದನ್ನು ನಿನ್ನಿಂದ ಕೊಂಡ ಕಳ್ಳ, ಬ್ಯಾಂಕಿನವನೆಂದು ಫೋನ್ ಮಾಡಿ ಹುಲ್ಲಹಳ್ಳಿಯ ಮಲ್ಲಾಜಮ್ಮನ ಖಾತೆ ಬರಿದು ಮಾಡಿದ. ಪೊಲೀಸರು ಬಂದದ್ದು ನನ್ನ ಬಾಗಿಲಿಗೆ! "ಈ ಗುಡುಗ್ ಗಂಟಲಲ್ಲ ಕಣ್ರಪ್ಪಾ, ಅವ್ನು ಬೆಣ್ಣೆ ಅಂಗೆ ಮಾತಾಡ್ದ" ಎಂದು ಠಾಣೆಯಲ್ಲಿ ಆ ತಾಯಿ ಹೇಳಿದ್ದರಿಂದ ಹೊರಗಿದ್ದೇನೆ.

ಆ ನಂಬರನ್ನು ಮುಚ್ಚಿಸಿದ್ದೇನೆ. ಆಧಾರಿನಲ್ಲಿ ನನ್ನ ಬೆರಳಚ್ಚಿಗೆ ಬೀಗ ಹಾಕಿಸಿದ್ದೇನೆ. ನೀನು ಶುಕ್ರವಾರ ಇಲ್ಲಿನ ಠಾಣೆಗೆ ಬಂದು, ಆ ಸಿಮ್ ಕೊಂಡವನ ಹೆಸರು ಹೇಳು. ಗಟ್ಟಿಯಾಗಿ ಹೇಳು. ಇನ್ಸ್‌ಪೆಕ್ಟರು ನಾಟಕಪ್ರಿಯರು, ಮೊದಲ ಸಲ ರುಚಿಸದಿದ್ದರೆ ಅವರೂ ಒನ್ಸ್ ಮೋರ್ ಎನ್ನುತ್ತಾರೆ.

ಇಂತಿ, ಇನ್ನು ಎರಡನೇ ಸಲ ಒತ್ತದ
ಗಂಗಾಧರಸ್ವಾಮಿ