ಎರಡನೆಯ ಭಾಗದ ನಲವತ್ತನೆಯ ಪುಟ

ಚಿಂಬಲ್, ಗೋವಾ
ಮಂಗಳವಾರ, 12-8-2025

ಪ್ರೀತಿಯ ಗುರುಲಿಂಗಣ್ಣನಿಗೆ, ನಿನ್ನ ತಂಗಿ ಅಂಬಿಕಾ ಸಿಟ್ಟಿನಲ್ಲೇ ಮಾಡುವ ನಮಸ್ಕಾರ.

ಬೆನ್ನುನೋವು ಹೇಗಿದೆ? ಈ ಮಳೆಯಲ್ಲಿ ಟಿಪ್ಪರ್ ನಿಧಾನಕ್ಕೆ ಓಡಿಸು. ಏಳು ತಿಂಗಳಿಂದ ನೀನು ನಮ್ಮ ಫೋನು ಎತ್ತುತ್ತಿಲ್ಲ. ಅದಕ್ಕೇ ನೀನಿರುವ ಸಾವರ್ಡೆಗೆ ಲೋಡ್ ತರುವ ಸಂಗಣ್ಣನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಅವ್ವನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ.

ನೀನು ನಮಗೆ ಓದಿ ಹೇಳುತ್ತಿದ್ದ ಬೇವಿನಕೇರಿಯ ಕಾದಂಬರಿ ನೆನಪಿದೆಯಲ್ಲ? ಎರಡು ಓಣಿ ಜಗಳಾಡಿ ಪೇಟೆ ಸುಟ್ಟುಕೊಂಡ ಊರು, ಅವ್ವನ ಮೇಲೆ ಮುನಿಸಿಕೊಂಡು ಊರು ಬಿಟ್ಟ ಚನ್ನಬಸು. ಅದರ ಎರಡನೆಯ ಭಾಗ ಬಂದಿದೆ. ಧಾರವಾಡದ ಬಸ್ಸಿನವರ ಕೈಯಲ್ಲಿ ತರಿಸಿ, ದಿನಾ ಬೆಳಗ್ಗೆ ನನ್ನ ಕೆಲಸದ ಬಸ್ಸು ಬರುವವರೆಗೆ ಅವ್ವನಿಗೆ ಓದುತ್ತಿದ್ದೆ. ಆ ಲೇಖಕನಿಗೆ ಏನು ಧಾಡಿಯಾಗಿತ್ತೋ, ನಲವತ್ತನೆಯ ಪುಟದಲ್ಲೇ ಚನ್ನಬಸು ಪರವೂರಿನಲ್ಲಿ ಲಾರಿ ಉರುಳಿ ಸಾಯುತ್ತಾನೆ. ಸರಿಯಾಗಿ ಅಲ್ಲಿಗೇ ಬಸ್ಸು ಹಾರ್ನ್ ಹೊಡೆಯಿತು. ಅವ್ವನ ಪದ್ಧತಿ ನಿನಗೆ ಗೊತ್ತು. ಕಾದಂಬರಿಯನ್ನೂ ಪುರಾಣದ ಹಾಗೆ ಕೈಮುಗಿದು ಕೇಳುತ್ತಾಳೆ. ಸಾವಿನ ಮಾತಿನ ಮೇಲೆ ಪುಸ್ತಕ ಮುಚ್ಚಲು ಬಿಡುವುದಿಲ್ಲ. ಮುಂದೆ ಓದಲು ಹೊತ್ತಿಲ್ಲ, ಲಾರಿ ಎಂಬ ಮಾತು ಬಾಯಿಂದ ಹೊರಡಲೂ ಇಲ್ಲ. ಚನ್ನಬಸು ಮನೆಗೆ ಬಂದ, ಅವ್ವನ ಕೈಯಿಂದ ಉಂಡ ಎಂದು ಹೇಳಿ ಪುಸ್ತಕ ಮುಚ್ಚಿ ಓಡಿದೆ.

ಅವತ್ತಿನಿಂದ ನನ್ನ ಪಾಡು ಕೇಳಬೇಡ. ಪುಸ್ತಕದಲ್ಲಿ ತಿಥಿ ನಡೆದಿದೆ, ನಾನು ದಿನಾ ಕಥೆ ಕಟ್ಟಿ ಓದುತ್ತಾ ಸತ್ತವನಿಗೆ ಹೆಣ್ಣು ಹುಡುಕುತ್ತಿದ್ದೇನೆ. ಅವ್ವನಿಗೆ ಅವನ ಲಗ್ನ ಬೇಗ ಆಗಬೇಕಂತೆ. "ಚಲೋ ಆತ ಬಿಡವ್ವಾ. ಅಂವ ಬಂದಾನಂದ್ರ ನಮ್ಮಾಂವನೂ ಬರತಾನ" ಎಂದು ಈ ಜಡಿಮಳೆಯಲ್ಲಿ ನೀನು ಹೊದೆಯುವ ಕೌದಿ ಒಗೆದು ಹಾಕಿದ್ದಾಳೆ. ಇರುವುದೊಂದು ಖೋಲಿ. ಒಳಗೇ ಹರವಿದ ಆ ಕೌದಿ ಮೂರು ದಿನದಿಂದ ನನ್ನ ತಲೆಯ ಮೇಲೆ ತೊಟ್ಟಿಕ್ಕುತ್ತಿದೆ. ಸೆಂಟ್ರಿಂಗ್ ಕೆಲಸ ಬಿಟ್ಟಿದ್ದಕ್ಕೆ ಓಣಿಯವರೆದುರು ನಿನ್ನನ್ನು ಬೈದದ್ದು ಅವಳ ತಪ್ಪೇ. ನಿನಗೆ ಹೇಳಲು ಅವಳಿಗೆ ಬಾಯಿಲ್ಲ, ನನಗೆ ದಿನಾ ಹೇಳುತ್ತಾಳೆ. ನೀವಿಬ್ಬರೂ ಸೇರಿ ನನ್ನ ಜೀವ ತಿನ್ನುತ್ತಿದ್ದೀರಿ. ನನಗೂ ನೀನಿಲ್ಲದೆ ಬೇಸರವಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಆಶೀರ್ವಾದ ನೀನು ಬೇಡವೆಂದರೂ ಇದೆ.

ನಿನ್ನ ತಂಗಿ,
ಅಂಬಿಕಾ

ವಿ.ಸೂ.: ಸಂಗಣ್ಣ ಗಾಡಿ ಚಾಲೂ ಮಾಡಿ ನಿಂತಿದ್ದಾನೆ. ಭಾನುವಾರ ನನಗೆ ರಜೆಯಿಲ್ಲ. ಓದಿ ಹೇಳಲು ಅವ್ವ ಅವತ್ತು ಬೆಳಗ್ಗೆ ಪಕ್ಕದ ಖೋಲಿಯ ಅಶ್ವಿನಿಯನ್ನು ಕರೆದಿದ್ದಾಳೆ. ಮುಂದಿನದು ಬೇಡವಂತೆ, "ಅಂವ ಮನಿಗೆ ಬಂದದ್ದನ್ನ ಇನ್ನೊಮ್ಮೆ ಓದಿಸಿ ಕೇಳತೇನಿ" ಅಂದಳು. ಅಶ್ವಿನಿ ಇದ್ದದ್ದನ್ನು ಇದ್ದ ಹಾಗೇ ಓದುವವಳು. ಅವಳು ಎಂಟಕ್ಕೆ ಬರುತ್ತಾಳೆ. ನೀನು ಏಳಕ್ಕೇ ಬಾ.