ಕಡ್ಡಾಯವಲ್ಲದ ತರಗತಿ

ಜುಲೈ 14, ಮಂಗಳವಾರ

ನಾಳೆಯಿಂದ ನಮ್ಮ ವಿಶ್ವವಿದ್ಯಾಲಯದಲ್ಲೂ ಕ್ರೆಡಿಟ್ ಪದ್ಧತಿ. ಯಾವ ವಿಷಯ ಓದಬೇಕೆಂದು ಮಕ್ಕಳೇ ಆರಿಸಿಕೊಳ್ಳುತ್ತಾರೆ. ನನ್ನ ತರ್ಕಶಾಸ್ತ್ರಕ್ಕೆ ಹದಿನೈದು ಜನ ಸೇರದಿದ್ದರೆ ತರಗತಿಯೇ ಇಲ್ಲ.

ಸಂಜೆ ಮೆಟ್ಟಿಲಿಳಿಯುವಾಗ ಕೆಳಗಿನಿಂದ ಹುಡುಗಿಯೊಬ್ಬಳ ದನಿ ಕೇಳಿಸಿತು. "ಲಾಜಿಕ್ ಮೇಡಂದು ಬೇಡ ಕಣೇ. ಎರಡು ಕ್ರೆಡಿಟ್‌ಗೆ ಜೀವ ಹಿಂಡ್ತಾರೆ. ಫೋಟೋಗ್ರಫಿಗೂ ಅಷ್ಟೇ ಕ್ರೆಡಿಟ್ಟು, ಆರಾಮಾಗಿ ಸುತ್ತಾಡ್ಕೊಂಡಿರಬಹುದು." ಅವರು ಹೋಗುವವರೆಗೂ ನಾನು ಕಳ್ಳರಂತೆ ಗೋಡೆಗೆ ಒರಗಿ ನಿಂತಿದ್ದೆ.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. "ಕೆಲಸ ಏನೂ ಹೋಗಲ್ವಲ್ಲ? ಬೇರೆ ಪಾಠ ಕೊಡ್ತಾರೆ ಬಿಡೇ, ಅನ್ನ ತಿನ್ನು," ಎಂದರು. ಕೆಲಸ ಹೋಗುವುದಿಲ್ಲ, ನಿಜ. ನನ್ನ ಭಯ ಅದಲ್ಲ.

ಇಷ್ಟು ವರ್ಷ ನನ್ನ ತರಗತಿ ಕಿಕ್ಕಿರಿದಿರುತ್ತಿತ್ತು. ಅದು ಕಡ್ಡಾಯ ಎಂಬುದನ್ನೇ ಮರೆತು, ನನ್ನ ಪಾಠ ಕೇಳಲು ಬರುತ್ತಾರೆಂದು ಒಳಗೊಳಗೇ ಬೀಗುತ್ತಿದ್ದೆ. ನಿಜವಾಗಿ ಎಷ್ಟು ಜನಕ್ಕೆ ನಾನು ಬೇಕು ಎಂಬುದು ನಾಳೆ ಕಂಪ್ಯೂಟರಿನಲ್ಲಿ ಎಲ್ಲರಿಗೂ ಕಾಣುತ್ತದೆ.

ಇಪ್ಪತ್ತರ ವಯಸ್ಸಿನಲ್ಲಿ ನಾನಾದರೂ ನನ್ನ ತರಗತಿಯನ್ನು ಆರಿಸಿಕೊಳ್ಳುತ್ತಿದ್ದೆನೇ? ಹೌದು ಎಂದು ಬರೆಯಲು ಕೈ ಬರುತ್ತಿಲ್ಲ. ಇಲ್ಲ ಎಂದು ಬರೆದುಬಿಟ್ಟರೆ, ಮೆಟ್ಟಿಲ ಕೆಳಗಿನ ಆ ಹುಡುಗಿಯ ಮಾತನ್ನು ನಾನೇ ಒಪ್ಪಿದಂತೆ.